ಊರ ಗಾಳಿಗೆ ತಕ್ಕ ಜೆಟ್

ಭಾನುವಾರ ನಸುಕಿನಲ್ಲಿ ಯಲಹಂಕ ದಾಟಿ ನಂದಿ ಬೆಟ್ಟದ ಕಡೆ ಹೊರಡುವ ಮೋಟಾರ್‌ಸೈಕಲ್‌ಗಳಲ್ಲಿ ಎರಡು ಬಗೆ. ಒಂದು ಬಗೆಯದರಲ್ಲಿ ಎಂಜಿನ್ನಿಗೆ ಯಾವ ಕ್ಷಣಕ್ಕೆ ಎಷ್ಟು ಪೆಟ್ರೋಲ್ ಬೇಕೆಂಬುದನ್ನು ಸೆನ್ಸರ್‌ಗಳು ಅಳೆಯುತ್ತವೆ, ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಇಂಜೆಕ್ಟರ್ ಅಷ್ಟನ್ನೇ ಚಿಮ್ಮಿಸುತ್ತದೆ. ಇನ್ನೊಂದರಲ್ಲಿ ಆ ಲೆಕ್ಕವನ್ನು ಕಾರ್ಬೊರೇಟರಿನೊಳಗಿನ ಹಿತ್ತಾಳೆಯ ಜೆಟ್ಟಿನ ಒಂದು ಸಣ್ಣ ತೂತಿನಲ್ಲಿ ಮೊದಲೇ ಕೊರೆದು ಇಡಲಾಗಿದೆ. 2020ರ ಏಪ್ರಿಲ್ 1ರಂದು ವಾಹನ ಹೊಗೆಯ ಬಿಎಸ್–6 ಮಾನದಂಡ ಜಾರಿಯಾದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೊರೇಟರ್ ಬಹುತೇಕ ಕಾಣೆಯಾಯಿತು. ಅದಕ್ಕೂ ಮೊದಲು ಮಾರಾಟವಾದವು ಮಾತ್ರ ರಸ್ತೆಯಲ್ಲೇ ಇವೆ. ಹಾಲು ತರಲು, ಕೆಲಸಕ್ಕೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಇಂದಿಗೂ ಅವನ್ನೇ ನೆಚ್ಚಿಕೊಂಡ ಮನೆಗಳು ಬಹಳ.

ಈ ಹಳೆಯ ಗಾಡಿಗಳ ಸಮಸ್ಯೆಯನ್ನು ಪುಟ್ಟೇನಹಳ್ಳಿಯಿಂದ ನೋಡಿದರೆ ಒಂದು ವಿಶೇಷ ಸ್ಪಷ್ಟತೆ ಸಿಗುತ್ತದೆ. ಜೆ.ಪಿ. ನಗರದ ಮಗ್ಗುಲಿನ ಪುಟ್ಟೇನಹಳ್ಳಿಯಲ್ಲ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿರುವ, 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಕೆರೆಯಿರುವ ಪುಟ್ಟೇನಹಳ್ಳಿ. ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಶೇ 9ರಷ್ಟು ತೆಳು. ಇಂಜೆಕ್ಷನ್ ಗಾಡಿ ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಶಕ್ತಿಯಿಲ್ಲ, ಅದನ್ನು ಯಾರಾದರೂ ಕೈಯಾರೆ ಸರಿದೂಗಿಸಬೇಕು. ಈಗ ಎತ್ತರದ ಜೊತೆಗೆ ಇಂಧನವೂ ಬದಲಾಗಿದೆ. ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಇದರ ಪರಿಣಾಮವೇನೆಂದು ತಿಳಿಯಲು ಕಾರ್ಬೊರೇಟರ್ ಹುಟ್ಟಿದ ಕಾಲಕ್ಕೆ ಹೋಗಬೇಕಾಗುತ್ತದೆ.

ಪೆಟ್ರೋಲಿನ ಮೇಲೆ ಹಾಯುವ ಗಾಳಿ

1885ರಲ್ಲಿ ಜರ್ಮನಿಯಲ್ಲಿ ಓಡಿದ, ಮರದ ಚೌಕಟ್ಟಿನ ಮೊದಲ ಪೆಟ್ರೋಲ್ ದ್ವಿಚಕ್ರ ವಾಹನದಲ್ಲಾಗಲಿ, 1894ರಲ್ಲಿ ಅದೇ ದೇಶದಲ್ಲಿ ಮಾರಾಟಕ್ಕೆಂದೇ ತಯಾರಾದ ಹಿಲ್ಡೆಬ್ರಾಂಡ್–ವೋಲ್ಫ್‌ಮುಲ್ಲರ್ ಗಾಡಿಯಲ್ಲಾಗಲಿ ಪೆಟ್ರೋಲನ್ನು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಒಂದು ಡಬ್ಬಿಯಲ್ಲಿ ಪೆಟ್ರೋಲ್ ನಿಲ್ಲುತ್ತಿತ್ತು. ಎಂಜಿನ್ ಎಳೆದುಕೊಳ್ಳುವ ಗಾಳಿ ಅದನ್ನು ಸವರಿ ಹೋಗುವಾಗ ಆವಿಯನ್ನು ಹೊತ್ತೊಯ್ಯುತ್ತಿತ್ತು. ಇವಕ್ಕೆ ಸರ್ಫೇಸ್ ಕಾರ್ಬೊರೇಟರ್ ಎಂದು ಹೆಸರು. ಸರಳವೆನಿಸುವ ಈ ಉಪಾಯ ಹವಾಮಾನಕ್ಕೆ ಪೂರ್ತಿ ಅಧೀನವಾಗಿತ್ತು. ಒಣಹಾಕಿದ ಬಟ್ಟೆ ಬಿಸಿಲು ಗಾಳಿಯಿದ್ದ ದಿನ ಬೇಗ, ಮೋಡದ ದಿನ ತಡವಾಗಿ ಆರುವ ಹಾಗೆ ಪೆಟ್ರೋಲೂ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆವಿಯಾಗುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಡಬ್ಬಿ ಕುಲುಕಿ ಮಿಶ್ರಣ ಏರುಪೇರಾಗುತ್ತಿತ್ತು. ಇನ್ನೊಂದು ತೊಂದರೆ ಆಳವಾದದ್ದು. ಪೆಟ್ರೋಲ್ ಒಂದೇ ದ್ರವವಲ್ಲ, ಹಗುರ ಭಾರದ ಹಲವು ದ್ರವಗಳ ಬೆರಕೆ. ಹಗುರವಾದದ್ದು ಮೊದಲು ಹಾರಿಹೋಗಿ, ದಾರಿ ಸವೆದಂತೆ ಡಬ್ಬಿಯಲ್ಲಿ ಉಳಿಯುತ್ತಿದ್ದದ್ದು ಹೊತ್ತಿಕೊಳ್ಳಲು ಒಲ್ಲದ ಗಷ್ಟು.

ಈ ವಿಧಾನಕ್ಕೆ ಅಷ್ಟಾದರೂ ಆಯುಷ್ಯ ಸಿಕ್ಕಿದ್ದು ಆ ಕಾಲದ ಪೆಟ್ರೋಲ್ ಬಹಳ ಹಗುರವಾಗಿದ್ದುದರಿಂದ. ವಾಹನಗಳು ಹೆಚ್ಚಿ, ಸಂಸ್ಕರಣಾಗಾರಗಳು ಭಾರದ ಅಂಶಗಳನ್ನೂ ಪೆಟ್ರೋಲಿಗೆ ಸೇರಿಸತೊಡಗಿದಾಗ ಸರ್ಫೇಸ್ ಕಾರ್ಬೊರೇಟರ್ ಸೋತಿತು. ಇಂಧನ ಬದಲಾದಾಗ ಅದನ್ನು ಉಣಿಸುವ ಸಾಧನ ತೊಂದರೆಗೆ ಸಿಲುಕುವುದು ಹೊಸ ಕಥೆಯಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ತೂತು, ತೇಲುಬುರುಡೆ, ಎರಡು ಲಿವರ್

1893ರ ಸುಮಾರಿಗೆ ಜರ್ಮನಿಯಲ್ಲೂ ಹಂಗೆರಿಯಲ್ಲೂ ಪ್ರತ್ಯೇಕವಾಗಿ ಹೊಸ ದಾರಿ ತೆರೆಯಿತು. ಗಾಳಿ ಹಾಯುವ ಕೊಳವೆಯನ್ನು ಒಂದು ಕಡೆ ಕಿರಿದುಗೊಳಿಸಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಜಾಗದಲ್ಲಿ ಒಂದು ಜೆಟ್ ಇಟ್ಟರೆ ಪೆಟ್ರೋಲ್ ತಾನಾಗಿ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಜೆಟ್ಟಿನ ಬಾಯಿಗಿಂತ ತುಸುವೇ ಕೆಳಗೆ ಪೆಟ್ರೋಲಿನ ಮಟ್ಟವನ್ನು ಹಿಡಿದಿಡಲು ಪಕ್ಕದಲ್ಲೊಂದು ಬಟ್ಟಲು, ಅದರಲ್ಲೊಂದು ಫ್ಲೋಟ್. ಮಟ್ಟ ಏರಿದರೆ ಫ್ಲೋಟ್ ತೇಲಿ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ನಂತರದ ನೂರು ವರ್ಷಗಳಲ್ಲಿ ಬಂದ ಕಾರ್ಬೊರೇಟರ್‌ಗಳೆಲ್ಲ ಈ ಬುನಾದಿಯ ಮೇಲೇ ನಿಂತಿವೆ.

ಬುನಾದಿಯಲ್ಲೇ ಒಂದು ಐಬೂ ಇತ್ತು. ಒಂದೇ ಅಳತೆಯ ತೂತಿನಿಂದ ಬರುವ ಪೆಟ್ರೋಲ್, ಗಾಳಿಯ ವೇಗ ಹೆಚ್ಚಿದಂತೆ, ಗಾಳಿಯ ಪ್ರಮಾಣಕ್ಕಿಂತ ಜಾಸ್ತಿ ಹೆಚ್ಚುತ್ತದೆ. ನಿಧಾನ ಓಟಕ್ಕೆ ಹೊಂದಿಸಿದ ಜೆಟ್ ಜೋರು ಓಟದಲ್ಲಿ ಅತಿಯಾಗಿ ಸುರಿಯುತ್ತದೆ. ಜೋರು ಓಟಕ್ಕೆ ಹೊಂದಿಸಿದರೆ ನಿಧಾನದಲ್ಲಿ ಎಂಜಿನ್ ಬಾಯಾರಿ ನಿಲ್ಲುತ್ತದೆ. ಆರಂಭದ ವಿನ್ಯಾಸಕಾರರು ಈ ಹೊರೆಯನ್ನು ಸವಾರನಿಗೇ ವಹಿಸಿದರು. ಹ್ಯಾಂಡಲ್ ಮೇಲೆ ಥ್ರಾಟಲ್‌ಗೊಂದು, ಗಾಳಿಗೊಂದು, ಹೀಗೆ ಎರಡು ಲಿವರ್. ಕಿಡಿಯನ್ನು ಹಿಂದುಮುಂದು ಮಾಡಲು ಮತ್ತೊಂದು. ಎಂಜಿನ್ನಿಗೆ ಎಣ್ಣೆ ಉಣಿಸಲು ಕೈಪಂಪು ಬೇರೆ. ಏರು ಬಂದಾಗ, ಇಳಿಜಾರು ಬಂದಾಗ, ಬಿಸಿಲೇರಿದಾಗ ಗಾಳಿಯ ಲಿವರನ್ನು ಕೂದಲೆಳೆಯಷ್ಟು ಸರಿಸುತ್ತ, ಎಂಜಿನ್ನಿನ ಸದ್ದು ಕೇಳಿಸಿಕೊಂಡು ತಿದ್ದುತ್ತ ಓಡಿಸಬೇಕಿತ್ತು. ಇಂದು ಸೆನ್ಸರ್ ಮಾಡುವ ಕೆಲಸವನ್ನು ಅಂದು ಕಿವಿಯೂ ಹೆಬ್ಬೆರಳೂ ಮಾಡುತ್ತಿದ್ದವು.

ಮುಂದಿನ ಇಪ್ಪತ್ತು ಮೂವತ್ತು ವರ್ಷ ಈ ಹೊರೆಯನ್ನು ಇಳಿಸುವ ಯತ್ನಗಳೇ. ಇಂಗ್ಲೆಂಡಿನ ಬಿಂಕ್ಸ್ ಕಂಪನಿ ಒಂದರ ಬದಲು ಮೂರು ಜೆಟ್ ಇಟ್ಟು, ಥ್ರಾಟಲ್ ತೆರೆದಂತೆ ಒಂದೊಂದಾಗಿ ಕೆಲಸಕ್ಕೆ ಬರುವಂತೆ ಮಾಡಿತು. ಎಸ್‌ಯು ಕಂಪನಿ ಬೇರೆಯೇ ಯೋಚನೆ ಮಾಡಿತು: ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಕೊಳವೆಯ ಬಾಯಿಯೇ ಹಿರಿದು ಕಿರಿದಾಗಬೇಕು. ಅದರ ಮೊದಲ ಮಾದರಿಗಳಲ್ಲಿ ಈ ಕೆಲಸಕ್ಕೆ ಚರ್ಮದ ತಿದಿ ಇತ್ತು. ಕೊನೆಗೆ ಮೋಟಾರ್‌ಸೈಕಲ್ ಲೋಕ ಒಪ್ಪಿಕೊಂಡದ್ದು ಮೇಲೆ ಕೆಳಗೆ ಸರಿಯುವ ಸ್ಲೈಡ್, ಅದಕ್ಕೆ ತೂಗುಬಿಟ್ಟ ಮೊನಚು ಸೂಜಿ. ಸ್ಲೈಡ್ ಏರಿದಂತೆ ಗಾಳಿಗೆ ದಾರಿ ಅಗಲವಾಗುತ್ತದೆ. ಜೊತೆಯಲ್ಲೇ ಏರುವ ಸೂಜಿಯ ತೆಳುವಾದ ಭಾಗ ಜೆಟ್ಟಿನೊಳಗೆ ಬಂದು ಪೆಟ್ರೋಲಿಗೂ ಅಷ್ಟೇ ದಾರಿ ಬಿಡುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮ್ಯಾಕ್, ಬ್ರೌನ್ ಅಂಡ್ ಬಾರ್ಲೊ, ಬಿಂಕ್ಸ್ ಮೂರೂ 1927ರಲ್ಲಿ ಒಂದಾಗಿ ಅಮಲ್ ಆದ ಮೇಲೆ ಈ ವಿನ್ಯಾಸ ಬ್ರಿಟಿಷ್ ಗಾಡಿಗಳಲ್ಲಿ ನೆಲೆಯೂರಿತು.

ಅಮಲ್ ಕೈಪಿಡಿಗಳು ಕಲಿಸಿದ ಟ್ಯೂನಿಂಗ್ ಕ್ರಮವನ್ನು ಇಂದಿನ ಮೆಕ್ಯಾನಿಕ್‌ಗಳು ಪುಸ್ತಕ ನೋಡದೆಯೇ ಪಾಲಿಸುತ್ತಾರೆ. ಥ್ರಾಟಲ್ ಎಂಟನೇ ಒಂದರಷ್ಟು ತೆರೆಯುವವರೆಗೆ ಪೈಲಟ್ ಜೆಟ್ಟಿನ ಆಳ್ವಿಕೆ, ಅಂದರೆ ನಮ್ಮ ಗ್ಯಾರೇಜ್‌ಗಳ ಸ್ಲೋ ಜೆಟ್. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ. ಅಲ್ಲಿಂದಾಚೆ ಮೇನ್ ಜೆಟ್. ಯಾವ ಹಂತದಲ್ಲಿ ಗಾಡಿ ಮುಗ್ಗರಿಸುತ್ತದೆ ಎಂದು ಹೇಳಿದರೆ ಸಾಕು, ಯಾವುದನ್ನು ಬಿಚ್ಚಬೇಕೆಂದು ಬಲ್ಲವರಿಗೆ ತಿಳಿಯುತ್ತದೆ. ಒಂದರ ಮೇಲೊಂದು ಹಾಯುವ ನಾಲ್ಕು ಹಂತಗಳನ್ನು ಬೆರಳುದ್ದದ ಲೋಹದೊಳಗೆ ಹೊಂದಿಸಿದ ಈ ವಿನ್ಯಾಸವನ್ನು ಯಂತ್ರಶಿಲ್ಪದ ದೊಡ್ಡ ಸಾಧನೆಗಳ ಸಾಲಿನಲ್ಲಿ ಇಡಲೇಬೇಕು. ಹಾಗಿದ್ದರೂ ಅದು ಪೂರ್ಣಗೊಂಡ ಯಂತ್ರವಲ್ಲ. ಊರಿನ ಎತ್ತರ, ಇಂಧನದ ಗುಣ, ಎಂಜಿನ್ನಿನ ಸವಕಳಿ ಇವುಗಳಿಗೆ ತಕ್ಕಂತೆ ಕೊನೆಯ ಅಳತೆಯನ್ನು ಸ್ಥಳೀಯ ಕೈಗಳೇ ಹಾಕಬೇಕೆಂದು ಬಿಟ್ಟುಕೊಟ್ಟ ಯಂತ್ರ.

ಮೈಸೂರಿನಲ್ಲಿ ನೆಲೆಸಿದ ಜಿಕೊವ್

ಕರ್ನಾಟಕಕ್ಕೆ ಈ ವಿದ್ಯೆ ಮನೆಮಾತಾದದ್ದು ಮೈಸೂರಿನ ಮೂಲಕ. 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ ತಯಾರಿಕೆ ಶುರುವಾಯಿತು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಹೊತ್ತಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ 250 ಸಿಸಿ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಉಣಿಸುತ್ತಿದ್ದದ್ದು ಜಿಕೊವ್ ವಿನ್ಯಾಸದ ಕಾರ್ಬೊರೇಟರ್. ಹಳೆಯ ಜಾವಾ ಮಾದರಿಗಳಲ್ಲಿ ಅದು ಎಂಜಿನ್ ಪಕ್ಕದ ಮುಚ್ಚಳದೊಳಗೆ ಅಡಗಿರುತ್ತದೆ. ಚಳಿಯ ಬೆಳಗ್ಗೆ ಗಾಡಿ ಎಬ್ಬಿಸಲು ಪೆಟ್ರೋಲ್ ಕಾಕ್ ತಿರುಗಿಸಿ, ಟಿಕ್ಲರ್ ಒತ್ತಬೇಕು. ಟಿಕ್ಲರ್ ಫ್ಲೋಟನ್ನು ಅದುಮುತ್ತದೆ, ಬಟ್ಟಲು ತುಂಬಿ ಪೆಟ್ರೋಲ್ ಜಿನುಗುತ್ತದೆ, ಆಮೇಲೆ ಕಿಕ್. ಎಷ್ಟು ಒತ್ತಬೇಕು ಎಂಬುದು ಹವೆಯನ್ನೂ ಗಾಡಿಯನ್ನೂ ಬಲ್ಲವರ ತೀರ್ಮಾನ. ಕಡಿಮೆಯಾದರೆ ಗಾಡಿ ಏಳದು, ಹೆಚ್ಚಾದರೆ ಪ್ಲಗ್ ನೆನೆದು ಬಿಚ್ಚಿ ಒರೆಸಬೇಕು.

1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100 ಮೋಟಾರ್‌ಸೈಕಲ್ ಈ ಪರಂಪರೆಯ ಮತ್ತೊಂದು ಕವಲು. ಅದರ ಮಿಕುನಿ ವಿನ್ಯಾಸದ ಕಾರ್ಬೊರೇಟರಿನಲ್ಲೂ ಅದೇ ಸ್ಲೈಡ್, ಅದೇ ಸೂಜಿ. ಟಿಕ್ಲರ್ ಜಾಗದಲ್ಲಿ ಚೋಕ್ ಬಂದಿತ್ತು. ಈ ಎರಡು ಗಾಡಿಗಳ ಸುತ್ತ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಬೀದಿಬದಿಯ ಗ್ಯಾರೇಜ್‌ಗಳಲ್ಲಿ ಒಂದು ಕೌಶಲ ಬೆಳೆಯಿತು. ಪ್ಲಗ್ ಬಿಚ್ಚಿ ನೋಡುವುದು ಅದರ ಮೊದಲ ಪಾಠ. ತುದಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬಿಳುಪೇರಿದ್ದರೆ ಕಡಿಮೆ, ತಿಳಿಗಂದು ಇದ್ದರೆ ಸರಿ. ಏರ್ ಸ್ಕ್ರೂವನ್ನು ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಐಡ್ಲಿಂಗಿನ ಸದ್ದು ನಯವಾಗುವವರೆಗೆ ಅತ್ತಿತ್ತ ತಿರುಗಿಸುವುದು ಎರಡನೆಯದು. ಈ ಕೌಶಲದಲ್ಲಿ ತಪ್ಪುಗಳೂ ಇವೆ. ಕಟ್ಟಿಕೊಂಡ ಜೆಟ್ಟಿಗೆ ತಂತಿ ತೂರಿಸುವ ಅಭ್ಯಾಸ ವ್ಯಾಪಕವಾಗಿದೆ. ತಂತಿ ಕಸವನ್ನು ತೆಗೆಯುತ್ತದೆ, ಮೆದು ಹಿತ್ತಾಳೆಯನ್ನೂ ಕೆರೆಯುತ್ತದೆ. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವ ತೂತಿಗೆ ಈ ಕೆರೆತವೇ ದೊಡ್ಡ ಹಾನಿ. ಗಾಳಿ ಹೊಡೆದು ಶುಚಿ ಮಾಡುವುದೇ ಸರಿಯಾದ ಕ್ರಮ.

ಮೂರು ಸಾವಿರ ಅಡಿಯ ಲೆಕ್ಕ

ಅಮಲ್‌ನ ಬರ್ಮಿಂಗ್‌ಹ್ಯಾಮ್ ಆಗಲಿ, ಜಾವಾದ ಪ್ರಾಗ್ ಆಗಲಿ ಬೆಂಗಳೂರಿಗಿಂತ ಬಹಳ ತಗ್ಗಿನಲ್ಲಿರುವ ಊರುಗಳು. ಅಲ್ಲಿನ ಗಾಳಿಗೆ ಅಳೆದ ಜೆಟ್ ಬೆಂಗಳೂರಿಗೆ ಬಂದರೆ ತೆಳುವಾದ ಗಾಳಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಎಷ್ಟು ಹೆಚ್ಚು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಮಿಶ್ರಣದ ಅನುಪಾತ ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ, ಗಾಳಿ ಶೇ 9ರಷ್ಟು ತೆಳುವಾದರೆ ಮಿಶ್ರಣ ಶೇ 4ರಿಂದ 5ರಷ್ಟು ರಿಚ್ ಆಗುತ್ತದೆ. ಸುಮಾರು 3,000 ಅಡಿ ಎತ್ತರಕ್ಕೆ ಜೆಟ್ಟನ್ನು ಶೇ 5ರಷ್ಟು ಕಿರಿದು ಮಾಡಬೇಕೆಂಬ ಹಳೆಯ ಬ್ರಿಟಿಷ್ ಸಲಹೆಯೂ ಇದಕ್ಕೆ ಹೊಂದುತ್ತದೆ. ಬೆಂಗಳೂರು ನಿಂತಿರುವುದು ಆ ಮೂರು ಸಾವಿರ ಅಡಿಯ ಮೇಲೆಯೇ. ಇಲ್ಲಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟ ಏರಿದರೆ ಗಾಳಿ ಇನ್ನೂ ಶೇ 5ಕ್ಕಿಂತ ತುಸು ಹೆಚ್ಚು ತೆಳುವಾಗುತ್ತದೆ. ಕೊನೆಯ ತಿರುವುಗಳಲ್ಲಿ ಹಳೆಯ ಗಾಡಿಗಳು ಭಾರವಾಗಿ ಉಸಿರಾಡುವುದಕ್ಕೆ ಏರೊಂದೇ ಕಾರಣವಲ್ಲ.

ರಿಚ್ ಮಿಶ್ರಣ ಎಂಜಿನ್ನನ್ನು ಕೊಲ್ಲುವುದಿಲ್ಲ, ಹವೆಯನ್ನು ಕೆಡಿಸುತ್ತದೆ. ಅರೆಬೆಂದ ಪೆಟ್ರೋಲ್ ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬರುತ್ತದೆ. ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಂತೂ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ಮೂಲಕ ಜಾರಿಹೋಗುತ್ತದೆ. ದೇಶದಲ್ಲಿ ವಾಹನ ಹೊಗೆಯ ಮಿತಿ 1991ರಲ್ಲಿ ಬಂತು, 2000ದಲ್ಲಿ ಬಿಗಿಯಾಯಿತು, 2020ರ ಹೊತ್ತಿಗೆ ಕಾರ್ಬೊರೇಟರಿಗೆ ನಿಲುಕದಷ್ಟು ಕಟ್ಟುನಿಟ್ಟಾಯಿತು. ಇಂಜೆಕ್ಷನ್ ಬಂದದ್ದು ಸರಿ ಎಂಬುದರಲ್ಲಿ ಈ ಲೇಖನಕ್ಕೆ ಸಂದೇಹವಿಲ್ಲ. 2018ರಲ್ಲಿ ಮರಳಿ ಬಂದ ಜಾವಾ ಹೆಸರಿನ ಗಾಡಿಯೂ ಇಂಜೆಕ್ಷನ್ನಿನೊಂದಿಗೇ ಬಂತು.

ಬಂಕಿನಲ್ಲಿ ಬದಲಾದದ್ದು

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲೇ ಶೇ 20ರ ಎಥೆನಾಲ್ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ಹಿಂದೆ ತರಲಾಗಿತ್ತು. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಈ ದೇಶಕ್ಕೆ ಹೊಸದೇನಲ್ಲ. ಅದಕ್ಕೆಂದೇ 1948ರಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಇದರ ಪರವಾದ ವಾದಗಳು ಗಟ್ಟಿಯಾಗಿವೆ. ಕಚ್ಚಾ ತೈಲದ ಆಮದು ತಗ್ಗುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತದೆ. ಈ ಯೋಜನೆಗಾಗಿ 2021ರಲ್ಲಿ ಸಿದ್ಧವಾದ ಅಧಿಕೃತ ಮಾರ್ಗಸೂಚಿಯ ಪ್ರಕಾರ ದ್ವಿಚಕ್ರ ವಾಹನಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅರ್ಧದಷ್ಟು ಇಳಿಯುತ್ತದೆ. ಹಳೆಯ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಕಡಿಮೆಯಾಗಬಹುದೆಂದು ಅದೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಕಬ್ಬು ಕುಡಿಯುವ ನೀರಿನ ಪ್ರಶ್ನೆ ಬೇರೆಯೇ ಲೇಖನ ಬೇಡುವಂಥದ್ದು.

ಕಾರ್ಬೊರೇಟರಿನ ಮಟ್ಟಿಗೆ ಪ್ರಶ್ನೆ ಹೀಗಿದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಒಂದು ಕಿಲೊ ಎಥೆನಾಲಿಗೆ 9 ಕಿಲೊ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕವಿದೆ. ಶೇ 20ರ ಬೆರಕೆಗೆ ಈ ಸಂಖ್ಯೆ 13.5ರ ಆಸುಪಾಸು. ಜೆಟ್ ಬದಲಿಸದೆ ಈ ಇಂಧನ ಹಾಕಿದರೆ ಮಿಶ್ರಣ ಶೇ 7ರಿಂದ 8ರಷ್ಟು ಲೀನ್ ಆಗುತ್ತದೆ, ಅಂದರೆ ಇಂಧನದ ಪಾಲು ಕಡಿಮೆ ಬೀಳುತ್ತದೆ. ಇಲ್ಲಿ ಪುಟ್ಟೇನಹಳ್ಳಿಯ ಎತ್ತರ ಮತ್ತೆ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದ ಜೆಟ್ ಹೊತ್ತು ಬಂದ, ಯಾರೂ ಮುಟ್ಟದ ಗಾಡಿಯಲ್ಲಿ ಎತ್ತರ ತಂದ ಶೇ 5ರ ಹೆಚ್ಚಳವೂ ಎಥೆನಾಲ್ ತಂದ ಕೊರತೆಯೂ ಬಹುಮಟ್ಟಿಗೆ ಪರಸ್ಪರ ವಜಾ ಆಗುತ್ತವೆ. ನಿಷ್ಠೆಯಿಂದ ಊರಿಗೆ ತಕ್ಕಂತೆ ಜೆಟ್ ಕಿರಿದುಗೊಳಿಸಿಕೊಂಡ ಗಾಡಿಯ ಮೇಲೆ ಮಾತ್ರ ಪೂರ್ತಿ ಕೊರತೆ ಬೀಳುತ್ತದೆ. ಒಂದೇ ಬೀದಿಯ ಎರಡು ಗಾಡಿಗಳ ಅನುಭವ ಬೇರೆಬೇರೆಯಾಗಿ, ಒಬ್ಬರು ಏನೂ ಆಗಿಲ್ಲ ಎನ್ನುವುದಕ್ಕೂ ಇನ್ನೊಬ್ಬರು ಎಂಜಿನ್ ಕಾಯುತ್ತಿದೆ ಎನ್ನುವುದಕ್ಕೂ ಇದೊಂದು ಕಾರಣ. ಇಬ್ಬರ ಮಾತೂ ನಿಜವಿರಬಹುದು.

ಲೀನ್ ಮಿಶ್ರಣ ಗಾಳಿಯಿಂದ ತಣಿಯುವ ಹಳೆಯ ಎಂಜಿನ್ನಿಗೆ ಒಳ್ಳೆಯದಲ್ಲ. ಪಿಕಪ್ ಕುಂದುತ್ತದೆ, ಉದ್ದನೆಯ ಓಟದಲ್ಲಿ ಪಿಸ್ಟನ್ ಸೀಜ್ ಆಗುವ ಅಪಾಯ ಹೆಚ್ಚುತ್ತದೆ. ಎಥೆನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರಿ ಮಿಶ್ರಣವನ್ನು ತಂಪಾಗಿಸುತ್ತದೆ ಎಂಬುದು ಒಂದಿಷ್ಟು ಸಮಾಧಾನ. ಅದರ ಹೆಚ್ಚಿನ ಆಕ್ಟೇನಿನ ಲಾಭ ಮಾತ್ರ ಕಡಿಮೆ ಕಂಪ್ರೆಷನ್ನಿನ ಹಳೆಯ ಎಂಜಿನ್ನುಗಳಿಗೆ ದಕ್ಕುವುದಿಲ್ಲ.

ಜೆಟ್ಟಿಗಿಂತ ತೊಡಕಿನದು ವಸ್ತುಗಳ ಪ್ರಶ್ನೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರಿನ ಹನಿಗಳು, ಸತುಮಿಶ್ರ ಲೋಹದ ಗೋಡೆಗೆ ಅಂಟಿದ ಬಿಳಿ ಪುಡಿ ಕಾಣಬಹುದು. ಆ ಪುಡಿಯೇ ಸ್ಲೋ ಜೆಟ್ಟನ್ನು ಕಟ್ಟುತ್ತದೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಊದುತ್ತವೆ ಇಲ್ಲವೇ ಬಿರಿಯುತ್ತವೆ. ಇನ್ನೂ ಹಿಂದಿನ ಕಾರ್ಬೊರೇಟರ್‌ಗಳಲ್ಲಿ, ಅಮೆರಿಕದ ಶೆಬ್ಲರ್‌ನಂಥವುಗಳಲ್ಲಿ, ಫ್ಲೋಟ್ ಕಾರ್ಕಿನದು. ಪೆಟ್ರೋಲ್ ಒಳಹೋಗದಂತೆ ಅದಕ್ಕೆ ಅರಗಿನ ಲೇಪ. ಅರಗು ಪೆಟ್ರೋಲಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಲೇಪ ಹೋದ ಕಾರ್ಕ್ ಇಂಧನ ಕುಡಿದು ಮುಳುಗುತ್ತದೆ, ಸೂಜಿ ಮುಚ್ಚುವುದಿಲ್ಲ, ಓವರ್‌ಫ್ಲೋ ನಿಲ್ಲುವುದಿಲ್ಲ. ಇಂಥ ಗಾಡಿಗಳು ನಮ್ಮಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಆದರೆ ನೂರು ವರ್ಷದ ವಿನ್ಯಾಸ ಯಾವ ಇಂಧನವನ್ನು ನಂಬಿ ನಿಂತಿತ್ತು ಎಂಬುದನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ.

ಯಾರ ಹೊಣೆ

ಹಳೆಯ ಗಾಡಿಗಳನ್ನು ಗುಜರಿಗೆ ಕಳಿಸುವುದೇ ಪರಿಹಾರ ಎಂಬ ವಾದವಿದೆ. ಹೊಗೆಯ ದೃಷ್ಟಿಯಿಂದ ಅದರಲ್ಲಿ ಹುರುಳಿದೆ. ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲದ ಮನೆಯ ಹೊರೆಯನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಥೆನಾಲ್ ರಹಿತ ಪೆಟ್ರೋಲನ್ನು ಹಿಂದಿನ ಬೆಲೆಗೇ ಎಲ್ಲ ಬಂಕುಗಳಲ್ಲೂ ಇಡಬೇಕೆಂಬ ಬೇಡಿಕೆಯೂ ಇದೆ. ಪ್ರತ್ಯೇಕ ಟ್ಯಾಂಕು, ಪ್ರತ್ಯೇಕ ಸಾಗಣೆ ಬೇಕಾಗುವ ಅದು ಎಲ್ಲೆಡೆ ಕಾರ್ಯಸಾಧ್ಯವಲ್ಲ. ಇವೆರಡರ ನಡುವೆ ಚರ್ಚೆಗೇ ಬಾರದ ದಾರಿಯೊಂದಿದೆ. ಕಾರ್ಬೊರೇಟರ್ ತಿದ್ದಬಹುದಾದ ಯಂತ್ರ. 1930ರ ದಶಕದ ರೇಸಿನವರು ಆಲ್ಕೋಹಾಲ್ ಇಂಧನಕ್ಕೆ ದೊಡ್ಡ ಜೆಟ್ ಹಾಕಿಕೊಂಡೇ ಓಡಿಸಿದರು. ಹರಿವು ಶೇ 8ರಷ್ಟು ಹೆಚ್ಚಬೇಕಾದರೆ ತೂತಿನ ವ್ಯಾಸ ಶೇ 4ರಷ್ಟು ಹಿರಿದಾದರೆ ಸಾಕು. ಒಂದು ಮಿಲಿಮೀಟರಿನ ಜೆಟ್ 1.04 ಮಿಲಿಮೀಟರ್ ಆಗಬೇಕು. ಖರ್ಚು ಅಲ್ಪ. ಬೇಕಾಗಿರುವುದು ಅಳತೆಗೆ ನಿಷ್ಠವಾದ ಜೆಟ್, ಎಥೆನಾಲ್ ತಾಳುವ ಪೈಪು ಮತ್ತು ವಾಷರ್, ಜೊತೆಗೆ ನಂಬಬಹುದಾದ ಮಾಹಿತಿ.

ಈ ಮೂರನೆಯದೇ ಇಂದು ಸಿಗದಿರುವುದು. ಇಂಧನ ಬದಲಾಗಿದೆ ಎಂದು ಬಂಕಿನ ಫಲಕ ಹೇಳುತ್ತದೆ, ಗಾಡಿಯಲ್ಲಿ ಏನು ಬದಲಾಗಬೇಕೆಂದು ಹೇಳುವವರಿಲ್ಲ. ಜೆಟ್ಟಿನ ಮೇಲಿನ ಅಂಕೆಯೂ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಅರ್ಥ ಕೊಡುತ್ತದೆ: ಕೆಲವದರಲ್ಲಿ ತೂತಿನ ವ್ಯಾಸ, ಕೆಲವದರಲ್ಲಿ ನಿಮಿಷಕ್ಕೆ ಹರಿಯುವ ಪೆಟ್ರೋಲು. ಈ ಗೊಂದಲದಲ್ಲಿ ಅಂದಾಜಿನ ಮೇಲೆ ಜೆಟ್ ಬದಲಿಸಿದರೆ ಹೊಗೆಯೂ ಖರ್ಚೂ ಎರಡೂ ಹೆಚ್ಚುತ್ತವೆ. ಇಂಧನ ನೀತಿ ರೂಪಿಸಿದವರು, ಈ ಗಾಡಿಗಳನ್ನು ಮಾರಿ ಲಾಭ ಪಡೆದವರು ಸೇರಿ ಮಾದರಿವಾರು ಜೆಟ್ ಪಟ್ಟಿಯೊಂದನ್ನು ಕನ್ನಡದಲ್ಲಿ ಪ್ರಕಟಿಸಿ, ವಾಹನ ಹೊಗೆ ತಪಾಸಣೆ ನಡೆಯುವ ಜಾಗಗಳಲ್ಲೇ ಸಿಗುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ಆ ಪಟ್ಟಿಯಲ್ಲಿ ಇಂಧನಕ್ಕೊಂದು ಕಾಲಂ ಇದ್ದರೆ ಸಾಲದು, ಎತ್ತರಕ್ಕೂ ಒಂದು ಇರಬೇಕು. ಮಂಗಳೂರಿನ ಬಂದರಿನ ಬಳಿ ಓಡುವ ಯೆಜ್ಡಿಗೂ ಪುಟ್ಟೇನಹಳ್ಳಿ ಕೆರೆಯ ಪಕ್ಕದಲ್ಲಿ ಓಡುವ ಯೆಜ್ಡಿಗೂ ಬೇಕಾದ ಜೆಟ್ ಒಂದೇ ಅಲ್ಲ.